ಹೊಸ ಗಾಡಿ ಬರುವ ತನಕ

ಟೇಪು ಒಂದು ಸಾವಿರದ ಮುನ್ನೂರ ತೊಂಬತ್ತೆರಡು ಮಿಲಿಮೀಟರ್ ತೋರಿಸಿತು. ಕಂಪನಿಯ ಹಾಳೆಯಲ್ಲಿ ಸಾವಿರದ ನಾನೂರು ಎಂದಿತ್ತು. ಟೇಪನ್ನು ಸುತ್ತಿ, ಅದರ ತುದಿಯನ್ನು ಎಡಗಡೆಯ ತಗಡಿಗೆ ಮತ್ತೆ ಒತ್ತಿ ಹಿಡಿದು, ಬಲಗಡೆಗೆ ಎಳೆದೆ. ಅಷ್ಟೇ ಬಂತು. ಮೂರನೆಯ ಸಲ ಜಾಗ ಬದಲಿಸಿ ಹಿಂಬಾಗಿಲಿನ ಹತ್ತಿರ ಅಳೆದೆ. ಅಲ್ಲಿಯೂ ಅಷ್ಟೇ.

"ಬೆಹನ್, ಗಾಡಿ ಲೇನೀ ಹೈ ಯಾ ಬ್ಲೌಸ್ ಸಿಲ್ವಾನಾ ಹೈ?" ಎಂದ ಶೋರೂಮಿನ ಮಾರಾಟಗಾರ. ಗಾಡಿ ಕೊಳ್ಳಲು ಬಂದಿದ್ದೀರೋ ಬ್ಲೌಸ್ ಹೊಲಿಸಲು ಬಂದಿದ್ದೀರೋ ಎಂದು ಅವನ ತಮಾಷೆ. ನಾನು ನಗಲಿಲ್ಲ. ನಗಬೇಕಿತ್ತು ಎಂದು ಆಮೇಲೆ ಅನ್ನಿಸಿತು, ಒಳ್ಳೆಯ ಮನುಷ್ಯ.

ವಡೋದರಾದ ಹೆದ್ದಾರಿಯ ಅಂಚಿನಲ್ಲಿ, ಒಂದು ಸಣ್ಣ ಎಲೆಕ್ಟ್ರಿಕ್ ಪಿಕಪ್ ಗಾಡಿಯ ಹಿಂಬದಿಯಲ್ಲಿ, ಸಾಮಾನು ಹೇರುವ ಬಾಡಿಯೊಳಗೆ ನಾನು ಮೊಣಕಾಲೂರಿ ಕೂತಿದ್ದೆ. ಫೋನು ಪಕ್ಕದಲ್ಲಿತ್ತು, ಸ್ಪೀಕರಿನಲ್ಲಿ. ಅತ್ತ ಕಡೆ ಅಹಮದಾಬಾದಿನ ಮಣಿನಗರದ ನಮ್ಮ ಮನೆಯಲ್ಲಿ ಅಪ್ಪ ಪೆನ್ಸಿಲು ಹಿಡಿದು ಕಾಯುತ್ತಿದ್ದರು.

"ಎಷ್ಟ್ ಬಂತು?"

"ಎಂಟು ಮಿಲಿಮೀಟರ್ ಕಡಿಮಿ ಐತಿ ಅಪ್ಪಾ."

"ಮೂರ್ ಸಲ ತಗೊಂಡಿ?"

"ಮೂರು ಸಲ."

"ಹಂಗಾರ ನಮ್ಮ ಚೌಕಟ್ಟು ಕುಂದರಂಗಿಲ್ಲ." ಉಸಿರು ಎಳೆದುಕೊಂಡರು. "ಬಿಡು. ಮುಂದಿಂದು ನೋಡು."

ನಾನು ಕೆಳಗಿಳಿದಾಗ ಮಾರಾಟಗಾರ ಇನ್ನೊಂದು ಮಾತು ಹೇಳಿದ. ಈ ಗಾಡಿಯ ಬಾಗಿಲು ಅಗಲ, ಒಳಗಿನ ನೆಲ ತಗ್ಗು, ಮೊಣಕಾಲು ನೋವಿರುವ ತನ್ನ ತಾಯಿ ಕೂಡ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂರುತ್ತಾಳೆ ಎಂದು. ಮಾರುವವರ ಮಾತು ಎಂದುಕೊಂಡು ನಾನು ಅದನ್ನು ಬರೆದುಕೊಳ್ಳಲಿಲ್ಲ. ನನ್ನ ಹಾಳೆಯಲ್ಲಿ ಆ ಗಾಡಿಯ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ.

ಅಪ್ಪ ಹಾವೇರಿ ಕಡೆಯವರು. ಕೇಂದ್ರ ಸರ್ಕಾರದ ಒಂದು ಬಾಹ್ಯಾಕಾಶ ಪ್ರಯೋಗಾಲಯದ ಉಪಕರಣ ವಿಭಾಗಕ್ಕೆಂದು ಅಹಮದಾಬಾದಿಗೆ ಬಂದು, ಅಲ್ಲಿಯೇ ನಿವೃತ್ತರಾದರು. ನಾನು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಕನ್ನಡ ಬರೆಯಲು ಕಲಿಸಿದವರು ಅಪ್ಪ, ಹಳೆಯ ಪರೀಕ್ಷಾ ವರದಿಗಳ ಹಿಂಬದಿಯ ಖಾಲಿ ಪುಟಗಳ ಮೇಲೆ. ಈಗಲೂ ನನ್ನ ಕನ್ನಡ ಅಕ್ಷರಗಳು ಚೌಕಟ್ಟಿನೊಳಗೆ ಬರೆದಂತೆ ಒಂದೇ ಎತ್ತರಕ್ಕಿರುತ್ತವೆ.

ನಿವೃತ್ತಿಯ ನಂತರ ಅವರು ಸುಮ್ಮನೆ ಕೂರಲಿಲ್ಲ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಿವೆ. ಅಲ್ಲಿನ ಯಂತ್ರಗಳಿಗೆ ಒತ್ತಡ ತೋರಿಸುವ ಗೇಜು, ಶಾಖ ತೋರಿಸುವ ಮಾಪಕ ಇರುತ್ತವೆ. ಅವು ಹೇಳುವುದು ನಿಜವೇ ಎಂದು ವರ್ಷಕ್ಕೊಮ್ಮೆ ಯಾರಾದರೂ ನೋಡಿ ಹೇಳಬೇಕು. ಅಪ್ಪ ಆ ಕೆಲಸ ಹಿಡಿದರು. ಎರಡು ಭಾರದ ಪೆಟ್ಟಿಗೆಗಳು: ಒಂದರಲ್ಲಿ ತೂಕದ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಗೊತ್ತಾದ ಒತ್ತಡ ಹುಟ್ಟಿಸುವ ಯಂತ್ರ, ಇನ್ನೊಂದರಲ್ಲಿ ಮಾಪಕಗಳನ್ನು ಅದ್ದಿ ನೋಡುವ ಎಣ್ಣೆಯ ಪಾತ್ರೆ. ಎರಡನ್ನೂ ರಬ್ಬರು ಹಚ್ಚಿದ ಒಂದು ಮರದ ಚೌಕಟ್ಟಿನೊಳಗೆ ಕೂರಿಸಿ ಬಾಡಿಗೆ ಟೆಂಪೋದಲ್ಲಿ ಒಯ್ಯುತ್ತಿದ್ದರು. ಕಾಲೇಜಿನ ದಿನಗಳಿಂದಲೂ ರಜೆಯಲ್ಲಿ ನಾನು ಜೊತೆಗೆ ಹೋಗಿ ಅಂಕಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ವಡೋದರಾದಲ್ಲಿ ಸಂಖ್ಯಾಶಾಸ್ತ್ರ ಓದಿ, ನವರಂಗಪುರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಯೂ ನನ್ನ ಕೆಲಸ ಬೇರೆಯವರು ತಂದುಕೊಟ್ಟ ಅಂಕಿಗಳಲ್ಲಿ ತಪ್ಪು ಹುಡುಕುವುದೇ.

ಟೆಂಪೋದ ಕುಲುಕಾಟಕ್ಕೆ ಯಂತ್ರಗಳು ಕೆಡುತ್ತಿದ್ದವು. ಮಿಲ್ಲಿನ ಕರೆಂಟು ಏರಿಳಿದು ಎಣ್ಣೆಯ ಶಾಖ ಒಂದೇ ಮಟ್ಟಕ್ಕೆ ನಿಲ್ಲುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ಅಪ್ಪ ಫೋನಿನಲ್ಲಿ ಆ ಸುದ್ದಿ ನೋಡಿದರು. ಒಂದು ಕಂಪನಿ ಹೊಸ ಎಲೆಕ್ಟ್ರಿಕ್ ಪಿಕಪ್ ತರುತ್ತದಂತೆ. ಮುಂದೆ ಕಾರಿನಂತೆ ಕೂರುವ ಜಾಗ, ಹಿಂದೆ ಸಾಮಾನಿಗೆ ಜಾಗ, ಬಾಡಿಯ ಪಕ್ಕದಲ್ಲೇ ಒಂದು ಪ್ಲಗ್ಗು. ಗಾಡಿಯ ಬ್ಯಾಟರಿಯಿಂದಲೇ ನಮ್ಮ ಯಂತ್ರ ನಡೆಸಬಹುದು.

"ನೋಡಿಲ್ಲೆ, ಗಾಡೀನs ಪವರ್ ಕೊಡತೈತಿ," ಎಂದು ಅವರು ಅವ್ವನಿಗೂ ತೋರಿಸಿದರು. "ಮಿಲ್ಲಿನವ್ರ ಕರೆಂಟಿಗೆ ಕಾಯೂದs ಬ್ಯಾಡ."

ಅವತ್ತೇ ಹೆಸರು ನೋಂದಾಯಿಸಿದರು. ಬರುವ ವರ್ಷ ಕೊಡುತ್ತೇವೆ ಎಂದಿತ್ತು ಕಂಪನಿ. ಬರುವ ವರ್ಷ ಬಂದಾಗ ಇನ್ನೊಂದು ವರ್ಷ ಎಂದಿತು. ಅಪ್ಪನಿಗೆ ಬೇಸರವಾಗಲಿಲ್ಲ. ಅವರ ಇಡೀ ನೌಕರಿಯಲ್ಲಿ ಹೇಳಿದ ದಿನಕ್ಕೆ ಮೇಲೇರಿದ ಉಪಗ್ರಹ ಒಂದೋ ಎರಡೋ. ಕಾಯುವುದನ್ನು ಅವರು ಕೆಲಸದ ಒಂದು ಭಾಗವೆಂದೇ ತಿಳಿದಿದ್ದರು. ಕಾಯುವಾಗ ಮಾಡುವುದಕ್ಕೆ ಯಾವಾಗಲೂ ಏನಾದರೂ ಇರುತ್ತಿತ್ತು. ಆ ಗಾಡಿಯ ಚಿತ್ರ ನೋಡಿಕೊಂಡು ಪ್ಲಗ್ಗಿನಿಂದ ಎಣ್ಣೆಯ ಪಾತ್ರೆಯ ತನಕ ತಂತಿ ಎಷ್ಟು ಉದ್ದ ಬೇಕೆಂದು ಲೆಕ್ಕ ಹಾಕಿ, ಅಷ್ಟುದ್ದದ ತಂತಿ ತಂದು, ಸುತ್ತಿ ಇಟ್ಟಿದ್ದರು.

ಇಲ್ಲಿಯವರು ಉತ್ತರಾಯಣ ಎನ್ನುವ ಸಂಕ್ರಾಂತಿಯ ಹೊತ್ತಿಗೆ, ಊರಿನವರೆಲ್ಲ ಗಾಳಿಪಟ ಹಿಡಿದು ಮಾಳಿಗೆಯ ಮೇಲಿದ್ದಾಗ, ಅಪ್ಪ ಮಾಳಿಗೆಯ ಮೆಟ್ಟಿಲಿನ ಅರ್ಧದಲ್ಲಿ ಕೂತುಬಿಟ್ಟರು. ಕೆಮ್ಮು ಮೊದಲೇ ಇತ್ತು. ಪರೀಕ್ಷೆಗಳಾದವು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದರು ಡಾಕ್ಟರು. ಅಪ್ಪನ ಎದುರಿಗೆ ಔಷಧಿಯ ಮಾತಷ್ಟೇ ಆಡಿ, ಹೊರಗೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಗುಜರಾತಿಯಲ್ಲಿ ಹೇಳಿದರು: ಒಂದು ವರ್ಷ ಎಂದುಕೊಳ್ಳಿ, ಹೆಚ್ಚು ಸಿಕ್ಕರೆ ಸಂತೋಷ. ನಾನು ಥ್ಯಾಂಕ್ಸ್ ಹೇಳಿದೆ. ಅವ್ವನಿಗೆ ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಆದರೆ ಅಪ್ಪ ವರದಿ ಓದಬಲ್ಲವರು. ಮೂರು ಪರೀಕ್ಷೆಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದ ಕಾಗದವೊಂದನ್ನು ಅವರ ಮೇಜಿನ ಮೇಲೆ ಕಂಡೆ. ಕೆಳಗೆ ಏನೂ ಬರೆದಿರಲಿಲ್ಲ.

ಅದಾದ ಎರಡು ವಾರಕ್ಕೆ ಕಂಪನಿಯ ಸಂದೇಶ ಬಂತು. ಹೊಸ ಗಾಡಿ ಇನ್ನೂ ಹದಿನೆಂಟು ತಿಂಗಳು ತಡವಾಗುತ್ತದೆ, ಕ್ಷಮಿಸಿ ಎಂದು.

ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ನಾನು ಸಂದೇಶ ಓದಿ ಹೇಳಿದೆ. ಆಮೇಲೆ, ಕಚೇರಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದ ವಾಕ್ಯವನ್ನು ಹೇಳಿದೆ. "ಅಪ್ಪಾ, ಸದ್ಯಕ್ಕ ಈಗ ಸಿಗೂ ಗಾಡಿಯೊಳಗ ಒಂದು ತಗೊಳ್ಳೋಣು. ಹೊಸಾದು ಬಂದ ಮ್ಯಾಲೆ ಇದನ್ನ ಕೊಟ್ಟುಬಿಡೋಣು."

ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಾಕ ಯವ್ವಾ? ಏನ್ ಅವಸರ ಐತಿ?"

ಅವ್ವನ ಕೈ ನಿಂತಿತು. ನನ್ನಲ್ಲಿ ಹನ್ನೆರಡು ಉತ್ತರಗಳಿದ್ದವು, ಟೆಂಪೋದ ಕುಲುಕಾಟದಿಂದ ಹಿಡಿದು. ಒಂದನ್ನೂ ಹೇಳಲಿಲ್ಲ. ಅವರಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. ತಮ್ಮದೇ ಗಾಡಿಯಲ್ಲಿ, ಪಕ್ಕದಲ್ಲಿ ಕೂತು, ಪೆಟ್ಟಿಗೆಗಳನ್ನು ಕುಲುಕಿಸದೆ ಒಂದು ಸಲ ಪಾಂಡೇಸರಾಕ್ಕೆ ಹೋಗಿ ತಮ್ಮ ಕೈಯಾರೆ ಕೆಲಸ ಮಾಡಿ ಬರಬೇಕು. ಅದಕ್ಕೆ ಹದಿನೆಂಟು ತಿಂಗಳಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.

ಅಪ್ಪ ಕನ್ನಡಕ ಹಾಕಿಕೊಂಡರು.

"ಆತು. ಇಂಜಿನಿಯರಿಂಗ್ ಮಾಡೆಲ್ ಅಂತ ತಿಳ್ಕೊಳ್ಳೂಣು."

ಅದು ಅವರ ಕಚೇರಿಯ ಮಾತು. ಮೇಲಕ್ಕೆ ಕಳಿಸುವ ಉಪಕರಣಕ್ಕಿಂತ ಮೊದಲು ಅದರಂತೆಯೇ ಇನ್ನೊಂದನ್ನು ಮಾಡಿ, ಕುಲುಕಿಸಿ, ಕಾಯಿಸಿ, ತಂಪು ಮಾಡಿ ನೋಡುತ್ತಾರೆ. ಅದು ಎಂದೂ ಹಾರುವುದಿಲ್ಲ. ಅಪ್ಪ ಕೆಲಸ ಮಾಡಿದ್ದು ಹೆಚ್ಚಾಗಿ ಅಂಥವುಗಳ ಮೇಲೆಯೇ.

ಮರುದಿನ ಅವರು ಹಾಳೆ ತಯಾರು ಮಾಡಿದರು. ಮೂರು ಅಂಕಣ: ಏನು ಬೇಕು, ಹೇಗೆ ಪರೀಕ್ಷಿಸಬೇಕು, ಏನು ಬಂತು. ಇಪ್ಪತ್ತೆರಡು ಸಾಲು. ಚೌಕಟ್ಟು ಸಾವಿರದ ಮುನ್ನೂರ ತೊಂಬತ್ತಾರು ಮಿಲಿಮೀಟರ್, ಅದು ಬಾಡಿಯೊಳಗೆ ಅಡ್ಡಲಾಗಿ ಕೂರಬೇಕು. ಹೇರು ಹಾಕಿಕೊಂಡು ಮಣಿನಗರದಿಂದ ವಡೋದರಾದ ತನಕ ಒಂದೇ ಚಾರ್ಜಿನಲ್ಲಿ ಹೋಗಬೇಕು, ಅಲ್ಲಿ ಒಮ್ಮೆ, ಭರೂಚಿನ ಹತ್ತಿರ ಒಮ್ಮೆ ಚಾರ್ಜು ಮಾಡಿಕೊಂಡು ಸೂರತ್ತು ಮುಟ್ಟಬೇಕು. ಚಾಲಕಿಗೆ, ಅಂದರೆ ನನಗೆ, ರಸ್ತೆ ಚೆನ್ನಾಗಿ ಕಾಣಬೇಕು. ಹದಿನಾಲ್ಕನೆಯ ಸಾಲು ಕುಲುಕಾಟದ್ದು: ಅಂಚಿಗೆ ಎರಡು ಬೆರಳು ಕೆಳಗಿನ ತನಕ ನೀರು ತುಂಬಿದ ಸ್ಟೀಲಿನ ಚಂಬನ್ನು ಗಾಡಿಯಲ್ಲಿಟ್ಟು ಎರಡು ಕಿಲೋಮೀಟರ್ ಓಡಿಸಬೇಕು, ನೀರು ಚೆಲ್ಲಬಾರದು.

ಅವ್ವ ಹಾಳೆಯನ್ನು ಓದಿ ನೋಡಿದಳು. "ಇಕೀನ್ನ ನೋಡಾಕ ಬಂದ ಗಂಡಿಗೆ ಇಷ್ಟು ಕೇಳಿರಲಿಲ್ಲ ನೀವು."

"ಗಂಡಿನ ಜೋಡಿ ಕಂಪನಿ ಹಾಳಿ ಬಂದಿರಲಿಲ್ಲಲ್ಲ," ಎಂದರು ಅಪ್ಪ.

"ಚಂಬರ ಒಯ್ಯಬಹುದಿತ್ತು."

ಅಪ್ಪ ನಕ್ಕರು, ನಗು ಕೆಮ್ಮಾಯಿತು, ಅವ್ವ ನೀರು ತರಲು ಎದ್ದಳು.

ಶನಿವಾರ, ಭಾನುವಾರ ನಾನು ಗಾಡಿ ನೋಡಲು ಹೋಗುತ್ತಿದ್ದೆ. ಸೂರತ್ತಿನಲ್ಲಿ ನೋಡಿದ್ದು ಮೂರು ಚಕ್ರದ್ದು. ಚಂಬು ಹಿಡಿದು ನನ್ನ ಪಕ್ಕ ಕೂತ ಮಾರಾಟಗಾರನ ಪ್ಯಾಂಟು ಒದ್ದೆಯಾಯಿತು. "ಮೇಡಂ, ನೀವು ನೀರಿನ ವ್ಯಾಪಾರ ಮಾಡುತ್ತೀರಾ?" ಎಂದು ಅವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. ವಡೋದರಾದ್ದು ನಾಲ್ಕು ಮಿಲಿಮೀಟರಿನಿಂದ ಬಿದ್ದುಹೋಯಿತು. ಉಳಿದದ್ದು ಅಹಮದಾಬಾದಿನದು. ಬಾಡಿ ಅಗಲವಾಗಿತ್ತು, ನೀರು ಚೆಲ್ಲಲಿಲ್ಲ, ಒಂದು ಚಾರ್ಜಿಗೆ ವಡೋದರಾ ದಾಟಿ ಇನ್ನೂ ಸ್ವಲ್ಪ ಉಳಿಯಿತು. ಸೀಟು ಎತ್ತರದಲ್ಲಿದ್ದುದರಿಂದ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಆ ಸಾಲಿನ ಮುಂದೆ 'ಉತ್ತಮ' ಎಂದು ಬರೆದೆ. ಇಪ್ಪತ್ತೆರಡರಲ್ಲಿ ಇಪ್ಪತ್ತೆರಡೂ ಸರಿ. ಅಪ್ಪ ಹಾಳೆಯ ಕೆಳಗೆ ಸಹಿ ಮಾಡಿ ದಿನಾಂಕ ಹಾಕಿದರು.

ಏಪ್ರಿಲಿನಲ್ಲಿ ಗಾಡಿ ಬಂತು. ಅವ್ವ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ನಾನು ಒಂದು ವಾರ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಓಡಿಸಿ ಕೈ ಪಳಗಿಸಿಕೊಂಡೆ. ಪಾಂಡೇಸರಾದ ಮಿಲ್ಲಿಗೆ ಹೇಳಿ ದಿನ ಗೊತ್ತು ಮಾಡಿಕೊಂಡೆವು. ಹೊರಡುವ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಲಿಫ್ಟಿನಲ್ಲಿ ಕೆಳಗೆ ಬಂದರು. ಪೆಟ್ಟಿಗೆಗಳು ಚೌಕಟ್ಟಿನಲ್ಲಿ ಕೂತಿದ್ದವು. ಅಪ್ಪ ಅವುಗಳನ್ನು ಒಮ್ಮೆ ಅಲುಗಾಡಿಸಿ ನೋಡಿ, ಮುಂದೆ ಬಂದು ಬಾಗಿಲು ತೆರೆದರು.

ಬಾಗಿಲಿನ ಪಕ್ಕದ ಹಿಡಿಕೆ ಹಿಡಿದು ಬಲಗಾಲನ್ನು ಮೆಟ್ಟಿಲಿಗೆ ಇಟ್ಟರು. ದೇಹ ಮೇಲೇರಲಿಲ್ಲ. ಕಾಲು ಕೆಳಗಿಳಿಸಿ, ನಿಂತು, ಉಸಿರು ತೆಗೆದುಕೊಂಡು ಮತ್ತೆ ಇಟ್ಟರು.

"ಒಂದ್ ನಿಮಿಷ," ಎಂದರು, ನಾವು ಯಾರೂ ಏನೂ ಕೇಳಿರಲಿಲ್ಲ.

ಅವ್ವ ಮೇಲೆ ಹೋಗಿ, ಅಟ್ಟದ ಡಬ್ಬಿ ಇಳಿಸಿಕೊಳ್ಳುವಾಗ ಹತ್ತುವ ಸ್ಟೂಲು ತಂದಳು. ಅದರ ಮೇಲೆ ಒಂದು ಕಾಲು, ಮೆಟ್ಟಿಲ ಮೇಲೆ ಒಂದು ಕಾಲು. ಅಲ್ಲಿಂದ ಸೀಟಿಗೆ ತಿರುಗಬೇಕು. ನಾನು ಹಿಂದಿನಿಂದ ಬೆನ್ನಿಗೆ ಅಂಗೈ ಕೊಟ್ಟು ಒತ್ತಿದೆ. ಚಿಕ್ಕವಳಿದ್ದಾಗಿನಿಂದ ಅಪ್ಪನ ಬೆನ್ನು ಮುಟ್ಟಿದ ನೆನಪಿಲ್ಲ. ಅಂಗಿಯ ಕೆಳಗೆ ಪಕ್ಕೆಲುಬು ಒಂದೊಂದೂ ಕೈಗೆ ಸಿಕ್ಕಿತು, ಅವು ಬಹಳ ಬೇಗ ಬೇಗ ಏಳುತ್ತಿದ್ದವು. ಅವರು ಅರ್ಧ ಹೊರಳಿ, ಬಾಗಿಲಿನ ಚೌಕಟ್ಟಿಗೆ ಹಣೆಯೊತ್ತಿ ನಿಂತುಬಿಟ್ಟರು. ನಾನು ಮತ್ತು ಅವ್ವ ಸೇರಿ ಕೆಳಗಿಳಿಸಿದೆವು. ತುಟಿಯ ಬಣ್ಣ ಬದಲಾಗಿತ್ತು. ಅದೇ ಸ್ಟೂಲಿನ ಮೇಲೆ ಕೂರಿಸಿದೆವು.

ಮಾತಾಡುವಷ್ಟು ಉಸಿರು ಬರಲು ಬಹಳ ಹೊತ್ತು ಹಿಡಿಯಿತು.

"ಇಪ್ಪತ್ತೆರಡು ಸಾಲು ಬರದ್ವಿ," ಎಂದರು. "ಹತ್ತೂದು ಬರೀಲಿಲ್ಲ."

"ನಾನು ನೋಡಬೇಕಿತ್ತು ಅಪ್ಪಾ."

"ನೀ ನೋಡಿದ್ದಿ. ನಾನೂ ನೋಡಿದ್ದೆ. ಬರ್ಯಾಕ ಇಬ್ರಿಗೂ ಆಗಲಿಲ್ಲ."

ಆ ಕಾಯಿಲೆಯ ಬಗ್ಗೆ ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟೇ. ಬೇರೆ ಯಾವ ಮನೆಯಲ್ಲಾದರೂ ಗಾಡಿ ನೋಡುವಾಗ ಮೊದಲು ಬರುವ ಮಾತೇ ಅದಾಗಿರುತ್ತಿತ್ತು: ಹಿರಿಯರಿಗೆ ಹತ್ತಲು ಆಗುತ್ತದೆಯೇ? ನಾವು ಮಿಲಿಮೀಟರ್ ಬರೆದುಕೊಂಡೆವು, ಮನುಷ್ಯನನ್ನು ಬಿಟ್ಟೆವು. ಅವರ ಉಸಿರಿನ ವಿಷಯ ಹಾಳೆಯ ಮೇಲೆ ಬಂದರೆ ಅದಕ್ಕೂ ಒಂದು ಅಂಕಿ ಬರೆಯಬೇಕಾಗುತ್ತಿತ್ತು.

ಆ ಮಧ್ಯಾಹ್ನವೇ ನಾನು ವಡೋದರಾಕ್ಕೆ ಹೋದೆ. ಮಾರಾಟಗಾರ ದೂರದಿಂದಲೇ ಗುರುತಿಸಿ "ಬ್ಲೌಸ್‌ವಾಲೀ ಬೆಹನ್!" ಎಂದ. ತಗ್ಗಿನ ಗಾಡಿ ಬೇಕು ಎಂದೆ. "ಈಗ ಅಳತೆ ಸರಿಹೋಯಿತಾ?" ಎಂದು ಕೇಳಿದ. ಹೋಯಿತು ಎಂದೆ. ತಾಯಿ ಹತ್ತುವುದರ ಬಗ್ಗೆ ಅವನು ಹೇಳಿದ್ದನ್ನು ಮತ್ತೊಮ್ಮೆ ಕೇಳಿದೆ. ಅವನು ಈ ಸಲ ತಮಾಷೆ ಮಾಡದೆ, ತಾನೇ ಹತ್ತಿ ಇಳಿದು ತೋರಿಸಿದ. ಕೂರುವ ಜಾಗ ಮನೆಯ ಕುರ್ಚಿಯಷ್ಟೇ ಎತ್ತರಕ್ಕಿತ್ತು. ಮೊದಲಿನ ಗಾಡಿಯನ್ನು ಅಹಮದಾಬಾದಿನವರು ಹಿಂದಕ್ಕೆ ತೆಗೆದುಕೊಂಡರು. ಹೊಸದರ ನೋಂದಣಿಯೆಲ್ಲ ಮುಗಿದು ಕೈಗೆ ಬರಲು ಮೂರು ವಾರ ಎಂದರು.

ಆ ಮೂರು ವಾರದಲ್ಲಿ ಒಂದು ದಿನ ಅಪ್ಪ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮರಳುಕಾಗದದಿಂದ ಎರಡೂ ಬದಿ ಉಜ್ಜಿದರು. ಒಂದೊಂದು ಬದಿಗೆ ಎರಡೆರಡು ಮಿಲಿಮೀಟರ್ ಸಾಕಿತ್ತು, ಮೂರು ಮೂರು ತೆಗೆದರು. ಆರೋಗ್ಯವಂತನಿಗೆ ಅರ್ಧ ಗಂಟೆಯ ಕೆಲಸ. ಅವರಿಗೆ ಸಂಜೆಯಾಯಿತು. ಮರದ ಪುಡಿ ಮೂಗಿಗೆ ಹೋಗದಂತೆ ಅವ್ವ ಒದ್ದೆ ಬಟ್ಟೆ ಕಟ್ಟಿದ್ದಳು. ನಾನು ಮಾಡುತ್ತೇನೆಂದರೆ ಕೊಡಲಿಲ್ಲ.

"ಮದಲs ಇದನ್ನ ಉಜ್ಜಬಹುದಿತ್ತಲ್ರೀ," ಎಂದಳು ಅವ್ವ.

ಅಪ್ಪ ಉಜ್ಜುತ್ತಲೇ ಇದ್ದರು. ಬೇಕಾದದ್ದನ್ನು ಒಮ್ಮೆ ಬರೆದು ಸಹಿ ಮಾಡಿದ ಮೇಲೆ, ಸಿಕ್ಕಿದ್ದಕ್ಕೆ ತಕ್ಕಂತೆ ಅದನ್ನು ತಿದ್ದುವುದು ಅವರ ಕಚೇರಿಯಲ್ಲಿ ಅಪರಾಧಕ್ಕೆ ಸಮ. ನನಗೂ ಅದನ್ನೇ ಕಲಿಸಿದ್ದರು. ಹಾಗಾಗಿ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಗಾಡಿ ಬರುವ ಮೊದಲೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂಬತ್ತು ದಿನಕ್ಕೆ ಮನೆಗೆ ಬಂದರು, ಜೊತೆಗೆ ಆಮ್ಲಜನಕದ ಯಂತ್ರವೂ ಬಂತು. ಅದರ ಕೊಳವೆ ಮಂಚದಿಂದ ಬಾಲ್ಕನಿಯ ತನಕ ಬರುತ್ತಿತ್ತು, ಲಿಫ್ಟಿನ ತನಕ ಬರುತ್ತಿರಲಿಲ್ಲ. ಸಣ್ಣ ಸಿಲಿಂಡರ್ ಒಂದಿತ್ತು. ಅದನ್ನು ಹಿಡಿದುಕೊಂಡು ಕೆಳಗಿಳಿದು ಗಾಡಿಯಲ್ಲಿ ಕೂತು ಕಾಂಕರಿಯಾ ಕೆರೆಯನ್ನು ಒಂದು ಸುತ್ತು ಹಾಕಿ ಬರೋಣ ಎಂದೆ.

"ಸುಮ್ಮ ಕುಂದರಾಕ ಬ್ಯಾಡ," ಎಂದರು. "ಹೋದ್ರ ಪಾಂಡೇಸರಾಕ್ಕ ಹೋಗೂಣು. ಸ್ವಲ್ಪ ಆರಾಮ ಆಗ್ಲಿ."

ಗಾಡಿ ಮನೆಗೆ ಬಂದ ದಿನ ಅವರು ಬಾಲ್ಕನಿಯಲ್ಲಿ ಕೂತು, ಕೆಳಗೆ ಒಂದು ಸುತ್ತು ಹೊಡೆದು ತೋರಿಸು ಎಂದರು. ನಾನು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ನಿಧಾನವಾಗಿ ಓಡಿಸಿದೆ. ಫೋನು ಬಂತು.

"ಹೊಂಟೀಯೋ ನಿಂತೀಯೋ? ಸದ್ದs ಇಲ್ಲ."

"ಹೊಂಟೀನಿ ಅಪ್ಪಾ."

"ಹಾರ್ನ್ ಹೊಡಿ."

ನಾನು ಅನವಶ್ಯಕವಾಗಿ ಹಾರ್ನ್ ಹೊಡೆಯುವವಳಲ್ಲ. ಹೊಡೆದೆ. ಬೆಂಚಿನ ಮೇಲೆ ಕೂತಿದ್ದ ಹೆಂಗಸರು ತಿರುಗಿ ನೋಡಿದರು. "ಇನ್ನೊಮ್ಮೆ," ಎಂದರು ಅಪ್ಪ. ಮತ್ತೆ ಹೊಡೆದೆ. ಮೇಲೆ ನೋಡಿದಾಗ ಅವರು ಕೈ ಎತ್ತಿದ್ದರು. ಬೀಸುತ್ತಿರಲಿಲ್ಲ, ಸುಮ್ಮನೆ ಎತ್ತಿ ಹಿಡಿದಿದ್ದರು.

ಜೂನಿನಲ್ಲಿ ಮಿಲ್ಲಿನವರು ಇನ್ನು ತಡೆಯಲಾಗದು ಎಂದಾಗ ನಾನೊಬ್ಬಳೇ ಹೋದೆ. ಬಣ್ಣದ ನೀರಿನ ಬಿಸಿ ಹಬೆ, ಕಣ್ಣು ಉರಿಸುವ ವಾಸನೆ, ತಳ್ಳುಗಾಡಿಗಳ ಮೇಲೆ ಒದ್ದೆ ಸೀರೆಬಟ್ಟೆಯ ರಾಶಿ. ಬಣ್ಣ ಹಾಕುವುದನ್ನು ನೋಡಿಕೊಳ್ಳುವ ಅಲ್ಲಿನ ಡೈಯಿಂಗ್ ಮಾಸ್ಟರ್ ವಯಸ್ಸಾದವರು, ಅಪ್ಪನನ್ನು ಕಂಡರೆ ಪ್ರೀತಿ. ಗಾಡಿಯ ಎಡಗಡೆಯ ಬಾಗಿಲನ್ನು ತಾವೇ ತೆರೆದು, ಖಾಲಿ ಸೀಟು ನೋಡಿ, "ಸಾಹೇಬ್ ನಹೀಂ ಆಯೇ?" ಎಂದರು, ಸಾಹೇಬರು ಬರಲಿಲ್ಲವೇ ಎಂದು.

"ಅಗಲೀ ಬಾರ್," ಎಂದೆ. ಮುಂದಿನ ಸಲ.

"ಬೇಟಾ, ನಿನಗೆ ಬರುತ್ತದಾ ಇದೆಲ್ಲ? ನಮ್ಮ ಗೇಜುಗಳು ಸಾಹೇಬರಿಗಷ್ಟೇ ಹೆದರುತ್ತವೆ," ಎಂದು ಅವರು ಹಿಂದಿಯಲ್ಲಿ ನಕ್ಕರು.

ಅಪ್ಪ ಫೋನಿನಲ್ಲಿದ್ದರು. ನಾನು ಬಿಲ್ಲೆಗಳನ್ನು ಒಂದೊಂದಾಗಿ ಇಡುತ್ತ ಗೇಜಿನ ಮುಳ್ಳು ಏರುವಾಗಿನ ಅಂಕಿ ಓದಿದೆ. ಆಮೇಲೆ ಒಂದೊಂದಾಗಿ ತೆಗೆಯುತ್ತ ಇಳಿಯುವಾಗಿನ ಅಂಕಿ ಓದಿದೆ. ಅವರು ಅತ್ತ ಬರೆದುಕೊಳ್ಳುತ್ತಿದ್ದರು. ಒಂದು ಗೇಜಿನ ಅಂಕಿ ಹೇಳಿದಾಗ, "ತಪ್ಪೈತಿ, ತಟ್ಟಿ ನೋಡು," ಎಂದರು. ಬೆರಳಿನಿಂದ ಗಾಜು ತಟ್ಟಿದೆ. ಮುಳ್ಳು ಸರಿಯಾದ ಜಾಗಕ್ಕೆ ಬಂತು. ಇನ್ನೂರ ಐವತ್ತು ಕಿಲೋಮೀಟರ್ ಆಚೆಯಿಂದ ಅವರಿಗೆ ಅದು ಹೇಗೆ ತಿಳಿಯಿತೋ. ಎಣ್ಣೆಯ ಪಾತ್ರೆಯ ಹೊತ್ತಿಗೆ ಎರಡು ಸಲ ಕರೆಂಟು ಕುಸಿಯಿತು. ಮೂರನೆಯ ಸಲ ಶಾಖ ಒಂದೇ ಮಟ್ಟಕ್ಕೆ ನಿಂತು ಅಂಕಿ ಓದಿದಾಗ ಅವರ ಕಡೆಯಿಂದ ಉತ್ತರ ಬರಲಿಲ್ಲ. ಅವ್ವ ಫೋನು ತೆಗೆದುಕೊಂಡು, "ನಿದ್ದಿ ಹತ್ತೇತಿ ಅವರಿಗೆ, ನೀನs ಬರ್ಕೊ," ಎಂದಳು. ಬರೆದುಕೊಂಡೆ.

ಆಗಸ್ಟಿನಲ್ಲಿ ಅಪ್ಪ ತೀರಿಕೊಂಡರು. ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವರು ಆ ಗಾಡಿಯಲ್ಲಿ ಒಮ್ಮೆಯೂ ಕೂರಲಿಲ್ಲ ಎನ್ನುವುದನ್ನು ಮಾತ್ರ ಬರೆಯಬೇಕು. ಮೊದಲೇ ತಗ್ಗಿನ ಗಾಡಿ ತಂದಿದ್ದರೆ ಏಪ್ರಿಲಿನ ಆ ಬೆಳಿಗ್ಗೆ ಅವರು ಹತ್ತಿ ಕೂತು ಪಾಂಡೇಸರಾಕ್ಕೆ ಬರುತ್ತಿದ್ದರು. ಅಷ್ಟು ಶಕ್ತಿ ಆಗ ಇತ್ತು. ಬಹುಶಃ ಇತ್ತು ಎಂದು ಬರೆಯಬೇಕೇನೋ, ಆದರೆ ನಾನು ಅವತ್ತು ಅವರ ಬೆನ್ನಿಗೆ ಕೈ ಕೊಟ್ಟಿದ್ದೆ. ಇತ್ತು.

ಅಪ್ಪ ನೋಡಿಕೊಳ್ಳುತ್ತಿದ್ದ ನಾಲ್ಕು ಮಿಲ್ಲುಗಳಲ್ಲಿ ಎರಡು ನನ್ನನ್ನು ಉಳಿಸಿಕೊಂಡವು. ಸರದಿಯ ಮೇಲೆ ಒಂದಷ್ಟು ಗೇಜು ನೋಡಲು ತಿಂಗಳಿಗೊಂದು ಶುಕ್ರವಾರ ರಜೆ ಹಾಕಿ ಸೂರತ್ತಿಗೆ ಹೋಗುತ್ತೇನೆ, ರಾತ್ರಿ ಅಲ್ಲಿ ಉಳಿದು ಶನಿವಾರ ಕೆಲಸ ಮುಗಿಸಿ ಬರುತ್ತೇನೆ. ಅಪ್ಪನ ಫೋನನ್ನು ಅವ್ವ ದಿನವೂ ಚಾರ್ಜು ಮಾಡಿ ಇಡುತ್ತಾಳೆ. ಯಾಕೆಂದು ನಾನು ಕೇಳಿಲ್ಲ.

ಈ ಚಳಿಗಾಲದ ಒಂದು ಗುರುವಾರ, ನಾನು ಕಚೇರಿಯಿಂದ ಬಂದಾಗ ಅವ್ವ ಆ ಫೋನನ್ನು ನನ್ನ ಕೈಗೆ ಕೊಟ್ಟಳು.

"ಏನೋ ಬಂದೈತಿ ನೋಡು. ಇಂಗ್ಲಿಷಿನ್ಯಾಗ ಐತಿ."

ಅಪ್ಪನ ಹೆಸರಿಗಿತ್ತು. ಅಭಿನಂದನೆಗಳು, ತಾವು ಕಾಯುತ್ತಿದ್ದ ಗಾಡಿ ಸಿದ್ಧವಾಗಿದೆ, ಹೇಳಿದ ಅವಧಿಗಿಂತ ಮುಂಚೆಯೇ. ಅಹಮದಾಬಾದಿನ ಶೋರೂಮಿಗೆ ಬಂದು ಓಡಿಸಿ ನೋಡಬಹುದು, ಎರಡು ದಿನದೊಳಗೆ ತಿಳಿಸಿ.

"ಹೊಸಾ ಗಾಡಿ ಬಂತಂತ ಅವ್ವಾ."

ಅವ್ವ ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದು ಸೀರೆ ಮಡಚಿ ಮುಗಿಸಿದಳು.

"ನೋಡಾಕ ಹೋಗ್ತಿಯೇನು?"

"ಇಲ್ಲ."

"ಅವರಿದ್ದಿದ್ರ ಇಷ್ಟೊತ್ತಿಗೆ ಹಾಳಿ ತಗದು ಕುಂತಿರತಿದ್ರು."

"ಹೌದು."

"ಬ್ಯಾಡಂತ ಹೇಳಿಬಿಡು ಮತ್ತ. ಅವ್ರರ ಯಾಕ ಕಾಯಬೇಕು."

ಉತ್ತರ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಊಟಕ್ಕೆ ಕರೆದಾಗ ಎದ್ದುಹೋದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆಗಳನ್ನು ಗಾಡಿಗೆ ಹೇರಿ, ಅಂಗಳದಲ್ಲೇ ನಿಂತು ಕಂಪನಿಯ ನಂಬರಿಗೆ ಫೋನು ಮಾಡಿದೆ. ಹುಡುಗಿಯೊಬ್ಬಳು ಹಿಂದಿಯಲ್ಲಿ ಮಾತಾಡಿದಳು. ಹೆಸರು ತೆಗೆದುಹಾಕಬೇಕು ಎಂದೆ. ಕಾರಣ ಕೇಳಿದಳು. ಬೇರೆ ಗಾಡಿ ತೆಗೆದುಕೊಂಡಿದ್ದೇವೆ ಎಂದೆ. ನೋಂದಾಯಿಸಿದವರೇ ಬಾಯಿಬಿಟ್ಟು ಹೇಳಬೇಕು ಮೇಡಂ, ಅದು ನಿಯಮ, ಅವರಿಗೆ ಫೋನು ಕೊಡುತ್ತೀರಾ ಎಂದಳು.

ನಮ್ಮ ಮನೆಯಲ್ಲಿ ಆ ಮಾತನ್ನು ನಾವು ಯಾರೂ ಯಾರಿಗೂ ಜೋರಾಗಿ ಹೇಳಿರಲಿಲ್ಲ. ಸುದ್ದಿ ತಿಳಿಸುವಾಗಲೂ ನಾನು ಎಲ್ಲರಿಗೂ ಬರೆದು ಕಳಿಸಿದ್ದೆ. "ಅವರು ನನ್ನ ತಂದೆ," ಎಂದೆ. "ಆಗಸ್ಟಿನಲ್ಲಿ ಸತ್ತುಹೋದರು."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. "ಮಾಫ್ ಕೀಜಿಯೇ ಮೇಡಂ. ತೆಗೆದಿದ್ದೇನೆ," ಎಂದಳು. ಥ್ಯಾಂಕ್ಸ್ ಹೇಳಿ ಫೋನು ಚೀಲದಲ್ಲಿ ಹಾಕಿದೆ. ಕಟ್ಟಿದ ಹಗ್ಗವನ್ನು ಒಮ್ಮೆ ಎಳೆದು ನೋಡಿದೆ, ಊಟದ ಡಬ್ಬಿಯನ್ನು ಅವ್ವನ ಕೈಯಿಂದ ತೆಗೆದುಕೊಂಡೆ, ದಾರಿಯಲ್ಲಿ ಎರಡು ಸಲ ಚಾರ್ಜಿಗೆ ನಿಂತರೂ ಕತ್ತಲಾಗುವ ಮೊದಲು ಸೂರತ್ತು ಮುಟ್ಟಬೇಕೆಂದು ಹೊರಟೆ.